ಹೊಟ್ಟೆ ತುಂಬಿದವರ ವಿಷಯವೇ?

ಕೆಲವು ವಿಷಯಗಳನ್ನು ನಾವು ಚರ್ಚಿಸುವುದೇ ಇಲ್ಲ. ಒಂದೇ ಮಾತಿನಿಂದ ಮುಚ್ಚಿಬಿಡುತ್ತೇವೆ. ಸಲಿಂಗ ಪ್ರೇಮಿಗಳ ವಿಷಯ ಅಂಥವುಗಳಲ್ಲಿ ಒಂದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರು ಪರಸ್ಪರ ಒಪ್ಪಿಗೆಯಿಂದ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪು ನೀಡಿತು. 1860ರಲ್ಲಿ ಬ್ರಿಟಿಷರು ರೂಪಿಸಿದ ದಂಡಸಂಹಿತೆಯ 377ನೇ ಕಲಂ ಅಂದಿಗೆ ಆ ಮಟ್ಟಿಗೆ ತನ್ನ ಬಲವನ್ನು ಕಳೆದುಕೊಂಡಿತು. ಆ ವಾರದ ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದಾಗ ಹಿರಿಯರೊಬ್ಬರು ನನಗೆ ಹೇಳಿದ ಮಾತು ಹೀಗಿತ್ತು: "ಫಾದರ್, ಇದೆಲ್ಲ ಹೊಟ್ಟೆ ತುಂಬಿದವರ ವಿಷಯ. ನಮ್ಮ ದಾವಣಗೆರೆ, ಹರಿಹರದಲ್ಲಿ ಅಂಥವರು ಎಲ್ಲಿದ್ದಾರೆ? ಇಲ್ಲಿನ ಬಡವರಿಗೆ ಊಟದ ಚಿಂತೆ."

ಆ ಹಿರಿಯರು ಕೆಟ್ಟ ಮನಸ್ಸಿನವರಲ್ಲ. ಅವರ ಮಾತು ಅವರೊಬ್ಬರದೂ ಅಲ್ಲ. ಐದು ವರ್ಷಗಳ ತರುವಾಯ, 2023ರಲ್ಲಿ, ಸಲಿಂಗ ವಿವಾಹದ ಮಾನ್ಯತೆಯನ್ನು ಕೋರಿದ ಅರ್ಜಿಗಳು ಅದೇ ನ್ಯಾಯಾಲಯದ ಮುಂದೆ ಬಂದಾಗ, ಇದು ನಗರದ ಗಣ್ಯ ವರ್ಗದವರ ಅಭಿಪ್ರಾಯವೆಂದು ಕೇಂದ್ರ ಸರ್ಕಾರವೂ ವಾದಿಸಿತು. ಆ ವರ್ಷದ ಅಕ್ಟೋಬರ್ 17ರಂದು ಬಂದ ತೀರ್ಪಿನಲ್ಲಿ ವಿವಾಹದ ಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಲಿಲ್ಲ. ಆದರೆ ಅಂದು ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಡಿ.ವೈ. ಚಂದ್ರಚೂಡ್ ಅವರು, ಇದು ನಗರದವರದೂ ಅಲ್ಲ, ಸಿರಿವಂತರದೂ ಅಲ್ಲ. ಹೊಲದಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳ ವಿಷಯವೂ ಆಗಿರಬಹುದು ಎಂಬ ಆಶಯದ ಮಾತನ್ನು ತಮ್ಮ ತೀರ್ಪಿನಲ್ಲಿ ಬರೆದರು.

ವಿವಾಹದ ಕಾನೂನು ಏನಿರಬೇಕು ಎಂಬುದು ನನ್ನ ಇಂದಿನ ವಿಷಯವಲ್ಲ. ವಿವಾಹವೆಂಬ ಸಂಸ್ಕಾರವು ಗಂಡು ಹೆಣ್ಣಿನ ನಡುವಿನ ಒಡಂಬಡಿಕೆ ಎಂಬ ಧರ್ಮಸಭೆಯ ಬೋಧನೆಯನ್ನು ನೀವು ಬಲ್ಲಿರಿ. ಅದನ್ನು ಬೋಧಿಸುವ ಗುರು ನಾನು. ನಾನು ಕೇಳಬಯಸುವುದು ಆ ಹಿರಿಯರ ಮಾತಿನಲ್ಲಿ ಅಡಗಿರುವ ಪ್ರಶ್ನೆಯನ್ನು: ಇದು ನಿಜವಾಗಿ ಹೊಟ್ಟೆ ತುಂಬಿದವರ ವಿಷಯವೇ? ಬಡತನ ಒಂದು ವಿಷಯ, ಇದು ಇನ್ನೊಂದು ವಿಷಯ ಎಂದು ಬೇರ್ಪಡಿಸಲು ಸಾಧ್ಯವೇ?

ದಾವಣಗೆರೆಯ ಬಸ್ ನಿಲ್ದಾಣದಲ್ಲಿ

ಉತ್ತರಕ್ಕಾಗಿ ಬೆಂಗಳೂರು ಮುಂಬಯಿಗಳಿಗೆ ಹೋಗಬೇಕಾಗಿಲ್ಲ. ಮಂಜಮ್ಮ ಜೋಗತಿಯವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಅವರು ತಮ್ಮ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಅವರು. ಆದರೆ ಆ ವೇದಿಕೆಗೆ ಬರುವ ಮುನ್ನ ಅವರು ನಡೆದ ದಾರಿ ನಮ್ಮ ಊರಿನ ಮೂಲಕವೇ ಹಾದುಹೋಗಿದೆ.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿದ ಅವರಿಗೆ ಮನೆಯವರು ಇಟ್ಟ ಹೆಸರು ಮಂಜುನಾಥ. ಹರೆಯಕ್ಕೆ ಬರುತ್ತಿದ್ದಂತೆ ತಾನು ಹೆಣ್ಣೆಂಬ ಭಾವ ಬಲಿಯಿತು. ಮನೆಯವರು ಕಟ್ಟಿಹಾಕಿ ಹೊಡೆದರು. ಕೊನೆಗೆ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಒಪ್ಪಿಸಿದರು. ಅಲ್ಲಿಗೆ ಮಗನ ಸಂಬಂಧ ಮುಗಿಯಿತು. ಆತ ವಿಷ ಕುಡಿದು ಬದುಕುಳಿದ. ಮನೆ ಬಿಟ್ಟ ಮೇಲೆ ಸೀರೆಯುಟ್ಟು ಭಿಕ್ಷೆ ಬೇಡಿದ್ದು, ಇಡ್ಲಿ ಮಾರಿದ್ದು, ಮಕ್ಕಳಿಗೆ ಮನೆಪಾಠ ಹೇಳಿದ್ದು, ದುಷ್ಟರು ಅಡ್ಡಗಟ್ಟಿ ಹಣ ದೋಚಿ ಅತ್ಯಾಚಾರ ಎಸಗಿದ್ದು, ಎಲ್ಲವನ್ನೂ ಮಂಜಮ್ಮನವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಬದುಕೇ ಬೇಡವೆನಿಸಿದ್ದ ಆ ದಿನಗಳಲ್ಲಿ ದಾವಣಗೆರೆಯ ಬಸ್ ನಿಲ್ದಾಣದ ಬಳಿ ಅವರು ಒಬ್ಬ ತಂದೆ ಮತ್ತು ಮಗನನ್ನು ಕಂಡರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದೇ ಜೋಗತಿ ನೃತ್ಯ. ಅವರ ಬಳಿ ಆ ಕಲೆಯನ್ನು ಕಲಿತು, ಮುಂದೆ ಕಾಳವ್ವ ಜೋಗತಿಯವರ ತಂಡವನ್ನು ಸೇರಿ, ಮಂಜಮ್ಮ ತಮ್ಮ ಅನ್ನವನ್ನು ತಾವೇ ಸಂಪಾದಿಸಿಕೊಂಡರು.

ಈ ಜೀವನವನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸುವುದು ಒಂದು ಸರಳ ಸಂಗತಿ. ಮನೆಯವರು ಆ ಮಗುವನ್ನು ಹೊರಹಾಕಿದ ಗಳಿಗೆಯಲ್ಲಿ ಕಳೆದುಹೋದದ್ದು ಪ್ರೀತಿ ಮಾತ್ರವಲ್ಲ. ತಲೆಯ ಮೇಲಿನ ಸೂರು ಹೋಯಿತು. ಓದು ಮುಂದುವರಿಯಲಿಲ್ಲ. ಮುಂದೆ ಸಿಗಬಹುದಾಗಿದ್ದ ಕೆಲಸ ಹೋಯಿತು. ಕಾಯಿಲೆ ಬಿದ್ದರೆ ನೋಡಿಕೊಳ್ಳುವ ಕೈ ಇಲ್ಲವಾಯಿತು. ಒಂದು ಮಗುವನ್ನು ಬಡತನಕ್ಕೆ ನೂಕಲು ಬರಗಾಲವೇ ಬರಬೇಕಾಗಿಲ್ಲ. ಮನೆಯ ಬಾಗಿಲು ಮುಚ್ಚಿದರೆ ಸಾಕು. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಎಂಬುದರ ಜೊತೆಗೆ "ಇತರೆ" ಎಂಬುದನ್ನೂ ಪ್ರಕಟಿಸಿದಾಗ ದೇಶದಲ್ಲಿ ಸುಮಾರು 4.88 ಲಕ್ಷ ಮಂದಿಯ ಲೆಕ್ಕ ಸಿಕ್ಕಿತು. ಅವರ ಸಾಕ್ಷರತೆ ಶೇಕಡ 56ರಷ್ಟು. ಇಡೀ ದೇಶದ್ದು ಶೇಕಡ 74. ಆ ಅಂತರದ ಹಿಂದೆ ಎಷ್ಟು ಮುಚ್ಚಿದ ಬಾಗಿಲುಗಳಿವೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಲಿಂಗತ್ವ ಅಲ್ಪಸಂಖ್ಯಾತರು ಬೇರೆ, ಸಲಿಂಗ ಪ್ರೇಮಿಗಳು ಬೇರೆ ಎಂದು ನೀವು ಹೇಳಬಹುದು. ನಿಜ. ಮೊದಲನೆಯದು ತಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವಿಗೆ ಸೇರಿದ್ದು. ಎರಡನೆಯದು ತನ್ನ ಮನಸ್ಸು ಯಾರ ಕಡೆಗೆ ಒಲಿಯುತ್ತದೆ ಎಂಬುದಕ್ಕೆ ಸೇರಿದ್ದು. ಆದರೆ ಓಣಿಯಲ್ಲಿ ಅಣಕಿಸುವವರು ಈ ವ್ಯತ್ಯಾಸವನ್ನು ನೋಡುವುದಿಲ್ಲ. ಇಬ್ಬರಿಗೂ ಸಿಗುವುದು ಒಂದೇ ಹೀಯಾಳಿಕೆ, ಇಬ್ಬರೂ ಬಂದು ನಿಲ್ಲುವುದು ಒಂದೇ ಬೀದಿಯಲ್ಲಿ.

ಬಚ್ಚಿಟ್ಟುಕೊಳ್ಳಲೂ ಹಣ ಬೇಕು

ನಮ್ಮ ಎರಡು ಊರುಗಳ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು, ಅದೂ ಮುಚ್ಚಿತು. ಇಂದು ದಾವಣಗೆರೆ ವಿದ್ಯಾನಗರಿ. ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳು, ಹೊಸ ಬಡಾವಣೆಗಳು, ಬೆಣ್ಣೆ ದೋಸೆಗಾಗಿ ದೂರದಿಂದ ಬರುವ ಕಾರುಗಳು ಒಂದು ಕಡೆ. ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದಿನಗೂಲಿಗೆ ದುಡಿಯುವವರು ಇನ್ನೊಂದು ಕಡೆ. ನಡುವೆ ಒಂದೆರಡು ಕಿಲೋಮೀಟರ್ ದಾರಿ.

ಇಂಥ ಊರಿನ ಎರಡು ಮನೆಗಳಲ್ಲಿ, ಒಂದೇ ಬಗೆಯ ಒಲವಿನ ಇಬ್ಬರು ಹುಡುಗರು ಬೆಳೆಯುತ್ತಿದ್ದಾರೆಂದು ಭಾವಿಸೋಣ. ಹೊಸ ಬಡಾವಣೆಯ ಹುಡುಗನಿಗೆ ತನ್ನದೇ ಕೋಣೆಯಿದೆ. ಒಳ್ಳೆಯ ಓದಿದೆ. ಮುಂದೆ ಬೆಂಗಳೂರಿಗೋ ವಿದೇಶಕ್ಕೋ ಹೋಗುತ್ತಾನೆ. "ಕೆಲಸದ ಒತ್ತಡ, ಮದುವೆ ಈಗ ಬೇಡ" ಎಂದು ಹತ್ತು ವರ್ಷ ತಳ್ಳಬಲ್ಲ. ಅವನಿಗೂ ನೋವಿದೆ, ಒಂಟಿತನವಿದೆ. ಅದನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಅವನ ನೋವಿಗೆ ನಾಲ್ಕು ಗೋಡೆಗಳ ಮರೆಯಾದರೂ ಇದೆ. ಭಟ್ಟಿಯ ಪಕ್ಕದ ಒಂದೇ ಕೋಣೆಯ ಮನೆಯ ಹುಡುಗನಿಗೆ ಆ ಮರೆಯೂ ಇಲ್ಲ. ಅವನ ನಡಿಗೆಯನ್ನು ಓಣಿ ನೋಡುತ್ತದೆ, ಅವನ ಧ್ವನಿಯನ್ನು ಶಾಲೆ ಅಣಕಿಸುತ್ತದೆ. ಅವನು ಶಾಲೆ ಬಿಡುತ್ತಾನೆ. ಶಾಲೆ ಬಿಟ್ಟವನಿಗೆ ಸಿಗುವ ಕೆಲಸ ಎಂಥದೆಂದು ನಿಮಗೆ ಗೊತ್ತು. ಸಿರಿವಂತರ ಮನೆಯ ಹುಡುಗ ನಮಗೆ ಕಾಣುವುದೇ ಇಲ್ಲ. ಬಡವರ ಹುಡುಗ ಕಂಡಾಗ ಅವನನ್ನು ನಾವು ಬಡವನೆಂದು ಎಣಿಸುವುದಿಲ್ಲ, ಕೆಟ್ಟವನೆಂದು ಎಣಿಸುತ್ತೇವೆ. ಆದ್ದರಿಂದಲೇ "ನಮ್ಮಲ್ಲಿ ಅಂಥವರು ಎಲ್ಲಿದ್ದಾರೆ" ಎಂಬ ಪ್ರಶ್ನೆ ಹುಟ್ಟುತ್ತದೆ.

ನಮ್ಮ ಸೀಮೆಯ ಹಳೆಯ ಧಾರ್ಮಿಕ ನಡವಳಿಕೆಯಲ್ಲೂ ಈ ಮಾತು ಕಾಣುತ್ತದೆ. ಯಲ್ಲಮ್ಮ, ಹುಲಿಗೆಮ್ಮ, ಉಚ್ಚಂಗೆಮ್ಮ ದೇವತೆಯರ ಹೆಸರಿನಲ್ಲಿ ಜೋಗಪ್ಪ, ಜೋಗತಿಯರಿಗೆ ಒಂದು ಸ್ಥಾನವಿದೆ. ಬ್ರಿಟಿಷರ ಕಾನೂನು ಅಪರಾಧಿಗಳೆಂದು ಕಂಡವರನ್ನು ಜನಪದರು ದೇವಿಯ ಮಕ್ಕಳೆಂದು ಕಂಡರು ಎಂಬುದು ಗೌರವಿಸಬೇಕಾದ ಸಂಗತಿ. ಆದರೆ ಆ ಗೌರವಕ್ಕೂ ಒಂದು ಎಲ್ಲೆಯಿತ್ತು. ಹಬ್ಬದ ದಿನ ಜೋಗತಿಯ ಆಶೀರ್ವಾದ ಬೇಕು, ಚೌಡಿಕೆಯ ಹಾಡು ಬೇಕು. ಮರುದಿನ ಆಕೆಗೆ ಬಾಡಿಗೆಗೆ ಮನೆ ಕೊಡುವವರಿಲ್ಲ. ದೇವರಿಗೆ ಬಿಡುವ ಪದ್ಧತಿಯ ಭಾರವನ್ನು ಹೆಚ್ಚಾಗಿ ಹೊತ್ತವರೂ ಬಡ ದಲಿತ ಕುಟುಂಬಗಳೇ. 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನನ್ನು ನಮ್ಮ ರಾಜ್ಯ ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಇದನ್ನು ಅನ್ಯ ಧರ್ಮೀಯರನ್ನು ದೂರಲು ನಾನು ಬರೆಯುತ್ತಿಲ್ಲ. ಅವರು ಹಬ್ಬದ ದಿನವಾದರೂ ಕರೆಯುತ್ತಾರೆ. ನಮ್ಮ ಹಬ್ಬಗಳಿಗೆ ನಾವು ಯಾರನ್ನು ಕರೆಯುತ್ತೇವೆ?

ಹಣ ಬರಲಿ, ಮಗ ಬೇಡ

ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಸೆಪ್ಟೆಂಬರ್ 8ರ ಹಬ್ಬದಂದು ಜಾತಿ ಮತ ಭೇದವಿಲ್ಲದೆ ಜನ ಬರುತ್ತಾರೆ. ಅಂಥ ಒಂದು ಹಬ್ಬದ ಸಂಜೆ ಮೇಣದ ಬತ್ತಿ ಹಚ್ಚಿ ಬಹಳ ಹೊತ್ತು ನಿಂತಿದ್ದ ತಾಯಿಯೊಬ್ಬರು ನನ್ನೊಡನೆ ಮಾತನಾಡಿದರು. ಅದು ಪಾಪನಿವೇದನೆಯ ಮಾತಲ್ಲ. ಇತರ ತಾಯಂದಿರಿಗೆ ಉಪಯೋಗವಾಗುವುದಾದರೆ, ಗುರುತು ಸಿಗದಂತೆ ಬರೆಯಿರಿ ಎಂದು ಆಕೆಯೇ ಒಪ್ಪಿಗೆ ಕೊಟ್ಟಿದ್ದಾರೆ.

ಆಕೆಯ ಪತಿ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ಅವರೀಗ ರಾತ್ರಿ ಪಾಳಿಯ ಕಾವಲುಗಾರ. ಹಿರಿಯ ಮಗ ಶಾಲೆಯಲ್ಲಿ ಹುಡುಗರ ಅಣಕ ತಾಳಲಾರದೆ ಓದು ಬಿಟ್ಟು ಬೆಂಗಳೂರಿನ ಹೋಟೆಲೊಂದರ ಅಡುಗೆಮನೆ ಸೇರಿದ. ಮದುವೆಯ ಮಾತು ಬಂದಾಗ, ತನ್ನ ಮನಸ್ಸು ಹೆಣ್ಣಿನ ಕಡೆ ಒಲಿಯುವುದಿಲ್ಲ, ಒಂದು ಹುಡುಗಿಯ ಬಾಳನ್ನು ಹಾಳು ಮಾಡಲಾರೆ ಎಂದು ತಂದೆಗೆ ಹೇಳಿದ. ಅಂದೇ ಮನೆಯ ಬಾಗಿಲು ಮುಚ್ಚಿತು.

"ತಿಂಗಳಾ ತಿಂಗಳಾ ದುಡ್ಡು ಕಳಿಸ್ತಾನ್ರಿ ಫಾದರ್," ಎಂದರು ಆ ತಾಯಿ. "ಅದ್ರಾಗೇ ಮನಿ ನಡೀತೈತಿ. ತಂಗಿ ಮದ್ವಿ ಸಾಲಾನೂ ಅವ್ನೇ ತೀರಿಸಿದ. ಮದ್ವಿಗೆ ಮಾತ್ರ ಬರಬ್ಯಾಡ ಅಂದ್ವಿ. ಬೀಗರು ಏನ್ ತಿಳ್ಕಂತಾರೋ ಅಂತ."

ಓದುಗರೇ, ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿರಿ. ಆ ತಂದೆ ತಾಯಿ ಕಟುಕರಲ್ಲ. ಮಗಳ ಬಾಳು ಕೆಡಬಾರದೆಂಬ ಭಯ, ಓಣಿಯ ಬಾಯಿಯ ಭಯ, ದೇವರು ಮೆಚ್ಚುವನೋ ಇಲ್ಲವೋ ಎಂಬ ಭಯ. ಆದರೆ ಫಲವೇನಾಯಿತು? ಮಗನ ಬೆವರಿನ ಹಣ ಪಾಪದ ಹಣವೆಂದು ಯಾರೂ ಹಿಂದಿರುಗಿಸಲಿಲ್ಲ. ಹಿಂದಿರುಗಿಸಿದ್ದು ಮಗನನ್ನು ಮಾತ್ರ. ಅವನು ಬಡವನಾದ್ದರಿಂದ ಅವನ ದುಡಿಮೆ ಬೇಕು. ಅವನು ಅಂಥವನಾದ್ದರಿಂದ ಅವನ ಮುಖ ಬೇಡ. ಜೋಗತಿಯ ಆಶೀರ್ವಾದ ಪಡೆದು ಆಕೆಗೆ ಮನೆ ಕೊಡದ ಊರಿಗೂ, ಈ ಮನೆಗೂ ವ್ಯತ್ಯಾಸವೆಲ್ಲಿದೆ?

ನಾನು ಆ ಮನೆಗೆ ಹಲವು ಬಾರಿ ಹೋದೆ. ಉಪದೇಶ ಮಾಡಲಿಲ್ಲ; ತಂದೆಯೊಡನೆ ಚಹಾ ಕುಡಿದು ಬಂದೆ. ಅವರು ಒಂದೇ ಮಾತು ಕೇಳುತ್ತಿದ್ದರು: "ಧರ್ಮಸಭೆ ಇದನ್ನ ಒಪ್ಪುತ್ತಾ ಫಾದರ್?" ನಾನು ಹೇಳಿದೆ: "ಮಗ ಹಬ್ಬಕ್ಕೆ ಮನೆಗೆ ಬಂದು ಅಮ್ಮನ ಕೈಯ ಊಟ ಮಾಡುವುದನ್ನು ಧರ್ಮಸಭೆ ಯಾವತ್ತೂ ಬೇಡ ಎಂದಿಲ್ಲ." ಒಂದು ಕ್ರಿಸ್ತಜಯಂತಿಗೆ ಅವನು ಬಂದ. ಎರಡು ದಿನ ಇದ್ದ. ತಂದೆ ಹೆಚ್ಚು ಮಾತನಾಡಲಿಲ್ಲವಂತೆ. ಹೊರಡುವ ದಿನ ಬಸ್ಸಿನವರೆಗೆ ಮಗನ ಚೀಲವನ್ನು ತಾವೇ ಹೊತ್ತು ನಡೆದರಂತೆ.

ಸೊದೋಮಿನ ಅಪರಾಧ ಯಾವುದು?

ಈ ವಿಷಯ ಬಂದಾಗಲೆಲ್ಲ ನಾವು ಸೊದೋಮ್ ನಗರವನ್ನು ನೆನೆಯುತ್ತೇವೆ. ಆದಿಕಾಂಡದ 19ನೇ ಅಧ್ಯಾಯದಲ್ಲಿ ಆ ಊರಿನ ಜನ ಮನೆಗೆ ಬಂದ ಪರಸ್ಥಳದವರ ಮೇಲೆ ಬಲಾತ್ಕಾರಕ್ಕೆ ಮುಂದಾದುದನ್ನು ಓದುತ್ತೇವೆ. ಆದರೆ ಆ ಊರಿನ ಅಪರಾಧ ಏನೆಂದು ಪವಿತ್ರ ಗ್ರಂಥವೇ ಇನ್ನೊಂದು ಕಡೆ ಬಿಡಿಸಿ ಹೇಳಿದೆ. ಪ್ರವಾದಿ ಯೆಜೆಕಿಯೇಲನ ಗ್ರಂಥದ 16ನೇ ಅಧ್ಯಾಯದ 49ನೇ ವಚನವನ್ನು ಇಂದು ರಾತ್ರಿ ಮನೆಯಲ್ಲಿ ತೆರೆದು ಓದಿರಿ. ಅಹಂಕಾರ, ಹೊಟ್ಟೆ ತುಂಬ ಆಹಾರ, ಚಿಂತೆಯಿಲ್ಲದ ಸುಖ ಇವೆಲ್ಲ ಇದ್ದೂ ದೀನ ದರಿದ್ರರ ಕೈ ಹಿಡಿಯದಿದ್ದುದು ಆ ನಗರದ ದೋಷವೆಂದು ಪ್ರವಾದಿ ಹೆಸರಿಸುತ್ತಾನೆ. ಮುಂದಿನ ವಚನದಲ್ಲಿ ಅಲ್ಲಿ ನಡೆದ ಅಸಹ್ಯ ಕೃತ್ಯಗಳ ಮಾತೂ ಬರುತ್ತದೆ. ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಮೊದಲ ಮಾತು ಬಡವರದು. ಯೇಸುಸ್ವಾಮಿಯೂ ಸೊದೋಮನ್ನು ನೆನೆದದ್ದು ತಮ್ಮ ಶಿಷ್ಯರನ್ನು ಬರಮಾಡಿಕೊಳ್ಳದೆ ಬಾಗಿಲು ಮುಚ್ಚುವ ಊರುಗಳ ಬಗ್ಗೆ ಮಾತನಾಡುವಾಗಲೇ (ಮತ್ತಾಯ 10:14-15).

ಹೊಟ್ಟೆ ತುಂಬಿದವರ ವಿಷಯ ಎಂದರಲ್ಲವೇ ಆ ಹಿರಿಯರು? ಪ್ರವಾದಿಯ ಪ್ರಕಾರ ಸೊದೋಮಿನ ವಿಷಯ ನಿಜಕ್ಕೂ ಹೊಟ್ಟೆ ತುಂಬಿದವರದೇ. ಆದರೆ ಅಲ್ಲಿ ತಪ್ಪಿತಸ್ಥರಾಗಿ ನಿಲ್ಲುವವರು ನಾವೆಂದುಕೊಂಡವರಲ್ಲ.

ಹಾಗೆಯೇ ಯಾಜಕಕಾಂಡದ 18 ಮತ್ತು 20ನೇ ಅಧ್ಯಾಯಗಳನ್ನು ಎತ್ತಿ ತೋರಿಸುವವರು ಅನೇಕರಿದ್ದಾರೆ. ನಡುವೆ ಇರುವ 19ನೇ ಅಧ್ಯಾಯವನ್ನು ಯಾರೂ ತೋರಿಸುವುದಿಲ್ಲ. ಹೊಲದ ಅಂಚಿನ ತೆನೆಯನ್ನು ಬಡವನಿಗೂ ಪರದೇಶಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ಇಟ್ಟುಕೊಳ್ಳಬಾರದು ಎಂಬ ಆಜ್ಞೆಗಳು ಅಲ್ಲಿವೆ. ಕೂಲಿಯನ್ನು ತಡೆಹಿಡಿದ ಮಾಲೀಕನನ್ನು ನಾವು ದೇವಾಲಯದ ಮುಂದಿನ ಸಾಲಿನಲ್ಲಿ ಕೂರಿಸಿ, ಮನೆ ಬಿಟ್ಟ ಹುಡುಗನನ್ನು ಹೊರಗೆ ನಿಲ್ಲಿಸಿದರೆ, ಪವಿತ್ರ ಗ್ರಂಥದ ಎರಡು ಪುಟಗಳನ್ನು ಉಳಿಸಿಕೊಂಡು ನಡುವಿನ ಒಂದು ಪುಟವನ್ನು ಹರಿದಂತೆ.

ಅಮೆರಿಕದಿಂದ ಬಂದ ಪಾಠ

ಈ ಹರಿದ ಪುಟ ಒಂದು ದೇಶದ ರಾಜಕಾರಣವನ್ನು ಹೇಗೆ ನಡೆಸಬಲ್ಲದು ಎಂಬುದಕ್ಕೆ ಅಮೆರಿಕ ಉದಾಹರಣೆ. ಅಲ್ಲಿನ ಮಾತು ನಮಗೇಕೆ ಎನ್ನಬೇಡಿ. ನಮ್ಮ ಅನೇಕರ ಮಕ್ಕಳು ಅಲ್ಲಿದ್ದಾರೆ. ಅಲ್ಲಿನ ಬೋಧಕರ ವಿಡಿಯೊಗಳು ಈಗ ನಮ್ಮ ಮೊಬೈಲುಗಳಿಗೂ ಬರುತ್ತಿವೆ.

1996ರ ಆಗಸ್ಟ್ 22ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಬಡ ಕುಟುಂಬಗಳ ಸರ್ಕಾರಿ ನೆರವಿಗೆ ಕಾಲಮಿತಿಯನ್ನೂ ಕಠಿಣ ಷರತ್ತುಗಳನ್ನೂ ವಿಧಿಸುವ ಕಾನೂನಿಗೆ ಸಹಿ ಹಾಕಿದರು. ಸುಮಾರು ಒಂದು ತಿಂಗಳಿಗೆ, ಸೆಪ್ಟೆಂಬರ್ 21ರಂದು, ವಿವಾಹವೆಂದರೆ ಗಂಡು ಹೆಣ್ಣಿನದು ಮಾತ್ರವೆಂದು ಸಾರುವ ಕಾನೂನಿಗೆ ಸಹಿ ಹಾಕಿದರು. ಎಂಟು ವರ್ಷಗಳ ಬಳಿಕ, 2004ರ ನವೆಂಬರ್ 2ರ ಚುನಾವಣೆಯ ದಿನ, 11 ರಾಜ್ಯಗಳಲ್ಲಿ ಸಲಿಂಗ ವಿವಾಹವನ್ನು ತಡೆಯುವ ತಿದ್ದುಪಡಿಗಳನ್ನು ಮತಕ್ಕೆ ಹಾಕಿದರು, ಹನ್ನೊಂದೂ ಗೆದ್ದವು. ಅನೇಕ ದೇವಾಲಯಗಳಲ್ಲಿ ವಾರಗಟ್ಟಲೆ ಆ ವಿಷಯದ ಬಗ್ಗೆಯೇ ಪ್ರಬೋಧನೆಗಳು ನಡೆದವು. ಅದೇ ದೇಶದ ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ಕೂಲಿ ಆಗ ಗಂಟೆಗೆ 5 ಡಾಲರ್ 15 ಸೆಂಟ್ ಇತ್ತು. 1997ರಿಂದ 2007ರವರೆಗೆ, ಹತ್ತು ವರ್ಷಗಳ ಕಾಲ, ಅದು ಒಂದು ಸೆಂಟೂ ಏರಲಿಲ್ಲ. ಬೆಲೆಗಳು ಮಾತ್ರ ಏರುತ್ತಲೇ ಇದ್ದವು.

ಅಂದು ಮತ ಹಾಕಿದ ಸಾಮಾನ್ಯ ಕ್ರೈಸ್ತರು ಕಪಟಿಗಳೆಂದು ನಾನು ಹೇಳುವುದಿಲ್ಲ. ಬಹುಮಂದಿ ಪ್ರಾಮಾಣಿಕ ವಿಶ್ವಾಸದಿಂದಲೇ ಹಾಕಿದರು. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು 1986ರಷ್ಟು ಹಿಂದೆಯೇ ಎಲ್ಲರಿಗೂ ಆರ್ಥಿಕ ನ್ಯಾಯ ದೊರಕಬೇಕೆಂದು ದೀರ್ಘವಾದ ಪತ್ರ ಬರೆದಿದ್ದರು ಎಂಬುದನ್ನೂ ನೆನೆಯೋಣ. ಆದರೆ ರಾಜಕಾರಣಿಗೆ ಒಂದು ಗುಟ್ಟು ಗೊತ್ತು. ಕೂಲಿ ಹೆಚ್ಚಿಸುವುದಕ್ಕೆ ಹಣ ಬೇಕು, ಸಿರಿವಂತರ ಸಿಟ್ಟನ್ನು ಎದುರಿಸಬೇಕು. ಯಾರೋ ಕೆಲವರತ್ತ ಬೆರಳು ತೋರಿಸುವುದಕ್ಕೆ ಏನೂ ಖರ್ಚಿಲ್ಲ. ಬೆರಳು ತೋರಿಸಿದವನಿಗೆ ಧರ್ಮರಕ್ಷಕನೆಂಬ ಹೆಸರು. ಬಡ ಕ್ರೈಸ್ತನ ಮತ ಅವನಿಗೆ ಸಿಕ್ಕಿತು, ಬಡ ಕ್ರೈಸ್ತನ ಕೂಲಿ ಇದ್ದಲ್ಲೇ ಇತ್ತು. 2015ರ ಜೂನ್ 26ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಿತು. ವಿವಾಹದ ಹೆಸರಿನಲ್ಲಿ ಮತ ಕೇಳಿದ್ದು ಹೀಗೆ ಮುಗಿಯಿತು. ಬಡವರ ಪ್ರಶ್ನೆ ಮುಗಿಯಲಿಲ್ಲ.

ನಮ್ಮ ನಾಡಿನಲ್ಲಿ ಚುನಾವಣೆಗಳು ಈ ವಿಷಯದ ಮೇಲೆ ನಡೆದಿಲ್ಲ ಎಂಬುದು ಸಮಾಧಾನ. ಕರ್ನಾಟಕದಲ್ಲಿ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲಾತಿ ಬಂದಿತು. ಮೈತ್ರಿ ಯೋಜನೆಯಡಿ ಮಾಸಾಶನದ ವ್ಯವಸ್ಥೆ ಅದಕ್ಕೂ ಮೊದಲೇ ಇತ್ತು. ಗೌರವ ಮತ್ತು ಅನ್ನ ಒಟ್ಟಿಗೆ ಬರಬೇಕೆಂಬ ತಿಳುವಳಿಕೆಯ ಮೊದಲ ಹೆಜ್ಜೆಗಳಿವು. ಹೊರದೇಶದ ಸಿಟ್ಟನ್ನು ಆಮದು ಮಾಡಿಕೊಂಡು ನಾವು ಈ ಹೆಜ್ಜೆಗಳನ್ನು ಹಿಂದಕ್ಕೆ ಇಡದಿರೋಣ.

ಧರ್ಮಸಭೆ ಕೇಳುವುದೇನು?

ಗುರುಮಠದಲ್ಲಿ ನೈತಿಕ ದೈವಶಾಸ್ತ್ರವನ್ನು ಓದುವಾಗ ನಮಗೆ ಕಲಿಸಿದ ಒಂದು ಭೇದವನ್ನು ನಿಮ್ಮ ಮುಂದಿಡುತ್ತೇನೆ: ಒಂದು ಕೃತ್ಯದ ಬಗ್ಗೆ ನೀಡುವ ನೈತಿಕ ತೀರ್ಪು ಬೇರೆ, ಒಬ್ಬ ವ್ಯಕ್ತಿಯ ಬೆಲೆಯ ಬಗ್ಗೆ ನೀಡುವ ತೀರ್ಪು ಬೇರೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಸಲಿಂಗ ಕ್ರಿಯೆಯನ್ನು ಒಪ್ಪುವುದಿಲ್ಲ. ಆದರೆ ಅದೇ ಗ್ರಂಥದ 2358ನೇ ಪರಿಚ್ಛೇದವು ಇಂಥ ಒಲವುಳ್ಳವರನ್ನು ಗೌರವ, ಅನುಕಂಪ, ಸೂಕ್ಷ್ಮ ಸಂವೇದನೆಯಿಂದ ಬರಮಾಡಿಕೊಳ್ಳಬೇಕು, ಅವರ ವಿಷಯದಲ್ಲಿ ಅನ್ಯಾಯದ ತಾರತಮ್ಯ ಮಾಡಬಾರದು ಎಂದು ವಿಧಿಸುತ್ತದೆ. ಮೊದಲನೆಯದನ್ನು ನಮ್ಮ ಜನ ಬಲ್ಲರು. ಎರಡನೆಯದೂ ಬೋಧನೆಯೇ ಎಂಬುದನ್ನು ಬಲ್ಲವರು ಕಡಿಮೆ.

2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೇ ಕಲಮನ್ನು ಎತ್ತಿಹಿಡಿದಾಗ, ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ ಅವರು ಸಲಿಂಗ ಪ್ರೇಮಿಗಳನ್ನು ಅಪರಾಧಿಗಳೆಂದು ಕಾಣುವುದು ಧರ್ಮಸಭೆಯ ನಿಲುವಲ್ಲ ಎಂದು ಸ್ಪಷ್ಟಪಡಿಸಿದರು. 2016ರಲ್ಲಿ ಕುಟುಂಬ ಜೀವನವನ್ನು ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಇಂಥ ಮಕ್ಕಳಿರುವ ಕುಟುಂಬಗಳ ಜೊತೆ ಗೌರವದಿಂದ ನಡೆಯಬೇಕೆಂದರು. 2023ರ ಜನವರಿಯಲ್ಲಿ, ಸಲಿಂಗಿಯಾಗಿರುವುದು ಅಪರಾಧವಲ್ಲವೆಂದು ಸ್ಪಷ್ಟವಾಗಿ ನುಡಿದರು. 1891ರಲ್ಲಿ ಕಾರ್ಮಿಕರ ಹಕ್ಕುಗಳಿಗಾಗಿ ವಿಶ್ವಪರಿಪತ್ರ ಬರೆದ ಹದಿಮೂರನೆಯ ಲಿಯೋರವರನ್ನು ನೆನೆದು ಆ ಹೆಸರನ್ನು ಆರಿಸಿಕೊಂಡ ಜಗದ್ಗುರು ಹದಿನಾಲ್ಕನೆಯ ಲಿಯೋರವರು, 2025ರ ಅಕ್ಟೋಬರಿನಲ್ಲಿ ಪ್ರಕಟವಾದ ತಮ್ಮ ಮೊದಲ ಪ್ರೇಷಿತ ಪತ್ರವನ್ನು ಬಡವರ ಮೇಲಿನ ಪ್ರೀತಿಗಾಗಿಯೇ ಮೀಸಲಿಟ್ಟರು. ಬಡವರಲ್ಲಿ ಬಡವ ಯಾರು? ಮನೆಯೂ ಇಲ್ಲದ, ಮನೆತನವೂ ಇಲ್ಲದ, ಪ್ರಾರ್ಥನೆಗೆ ಬಂದರೆ ಎಲ್ಲಿ ಕೂರಬೇಕೆಂದೂ ತಿಳಿಯದ ಆ ಮಗ ಅಲ್ಲವೇ?

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಕೆಲಸಗಳನ್ನು ನಾನು ಹೇಳುತ್ತಿಲ್ಲ. ತಂದೆ ತಾಯಂದಿರೇ, ನಿಮ್ಮ ಮಗನೋ ಮಗಳೋ ಹೀಗೆಂದು ತಿಳಿದರೆ, ಮೊದಲು ಕೈಯೆತ್ತಬೇಡಿ. ಮದುವೆ ಮಾಡಿದರೆ ಸರಿಹೋಗುತ್ತದೆಂದು ಇನ್ನೊಬ್ಬರ ಮನೆಯ ಹೆಣ್ಣನ್ನು ಬಲಿಕೊಡಬೇಡಿ. ಶಾಲೆಯನ್ನು ಬಿಡಿಸಬೇಡಿ, ಓದಿದ ಮಗು ಎಲ್ಲಿದ್ದರೂ ಬದುಕಿಕೊಳ್ಳುತ್ತದೆ. ಶಿಕ್ಷಕರೇ, ತರಗತಿಯಲ್ಲಿ ಒಂದು ಮಗುವಿನ ನಡಿಗೆಯನ್ನು ಇತರರು ಅಣಕಿಸುವಾಗ ನಕ್ಕು ಸುಮ್ಮನಾಗಬೇಡಿ. ಆ ನಗು ಅದರ ಮುಂದಿನ ಅನ್ನವನ್ನು ಕಸಿಯುತ್ತದೆ. ಅಂಗಡಿ, ಗೋದಾಮು, ಹೋಟೆಲು ಇಟ್ಟಿರುವವರೇ, ಕೆಲಸ ಬಲ್ಲವನಿಗೆ ಕೆಲಸ ಕೊಡಿ. ಅವನ ಧ್ವನಿಯನ್ನು ತೂಗಬೇಡಿ. ಬಾಡಿಗೆ ಮನೆಯುಳ್ಳವರೇ, ಕೊಡುವ ಬಾಡಿಗೆ ಎಲ್ಲರದೂ ಒಂದೇ ಬೆಲೆಯದು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರೇ, ನೀವು ಭೇಟಿ ನೀಡುವ ಬಡವರ ಪಟ್ಟಿಯಲ್ಲಿ ಮನೆಯಿಂದ ಹೊರಬಿದ್ದ ಒಬ್ಬರ ಹೆಸರಾದರೂ ಇದೆಯೇ ಎಂದು ನೋಡಿಕೊಳ್ಳಿ.

ಪ್ರವಾದಿ ಯೆಶಾಯನ ಗ್ರಂಥದ 56ನೇ ಅಧ್ಯಾಯದಲ್ಲಿ ತನ್ನನ್ನು ಒಣಮರವೆಂದುಕೊಂಡು ಕೊರಗುವ ನಪುಂಸಕನಿಗೆ ಸರ್ವೇಶ್ವರ ಒಂದು ವಾಗ್ದಾನ ಮಾಡುತ್ತಾನೆ: ತನ್ನ ಆಲಯದಲ್ಲಿ, ತನ್ನ ಗೋಡೆಗಳ ಒಳಗೆ, ಗಂಡು ಹೆಣ್ಣು ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ಅವನಿಗೆ ಕೊಡುವೆನೆಂದು. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಇಥಿಯೋಪ್ಯದ ನಪುಂಸಕ ಅಧಿಕಾರಿಯೊಬ್ಬ ಹಾದಿಯ ನೀರನ್ನು ತೋರಿಸಿ, ದೀಕ್ಷಾಸ್ನಾನ ಪಡೆಯಲು ತನಗೆ ಅಡ್ಡಿಯೇನೆಂದು ಕೇಳುತ್ತಾನೆ. ಫಿಲಿಪ್ಪನು ಅವನೊಡನೆ ನೀರಿಗಿಳಿದನು. ಧರ್ಮಸಭೆಯ ಮೊದಲ ದಿನಗಳಲ್ಲೇ ಬಾಗಿಲು ತೆರೆದದ್ದು ಹೀಗೆ.

ಪ್ರಿಯ ಓದುಗರೇ, ಲೂಕನ ಶುಭಸಂದೇಶದ ಐಶ್ವರ್ಯವಂತನು ಲಾಜರನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಬಾಗಿಲ ಬಳಿ ಬಿದ್ದಿದ್ದವನನ್ನು ದಾಟಿಕೊಂಡು ದಿನವೂ ಊಟಕ್ಕೆ ಹೋದ, ಅಷ್ಟೇ. ಬರುವ ಹಬ್ಬಕ್ಕೆ ಮನೆಯವರ ಬಟ್ಟೆ, ಊಟ, ಪಯಣದ ಲೆಕ್ಕ ಹಾಕುವಾಗ ಒಮ್ಮೆ ಎಣಿಸಿ ನೋಡಿ: ನಿಮ್ಮ ಮನೆಯ, ನಿಮ್ಮ ನಂಟರ, ನಿಮ್ಮ ಓಣಿಯ ಮಕ್ಕಳಲ್ಲಿ ಯಾರಾದರೂ ಆ ಲೆಕ್ಕದಿಂದ ಬಿಟ್ಟುಹೋಗಿದ್ದಾರೆಯೇ? ಇದ್ದರೆ ಒಂದು ಫೋನ್ ಮಾಡಿ. "ಹಬ್ಬಕ್ಕೆ ಬಾರಪ್ಪಾ" ಎಂದು ಹೇಳಿ. ಉಳಿದ ಮಾತುಗಳನ್ನು ಊಟವಾದ ಮೇಲೆ ಆಡಬಹುದು.